ಮ್ಯೂಸಿಯಂ ಹೊಸದಾಗುವುದನ್ನು ಟೈಮ್ ಲ್ಯಾಪ್ಸ್‌ನಲ್ಲಿ ಹಿಡಿಯುವುದು ಹೇಗೆ: ಹಾಸನ, ಚಿಕ್ಕಮಗಳೂರಿನ ಮಳೆ ಬಿಸಿಲಿಗೆ ಒಗ್ಗುವ ಸಮಗ್ರ ಮಾರ್ಗದರ್ಶಿ

ಮ್ಯೂಸಿಯಂ ಒಂದು ದುರಸ್ತಿಗೆ ಹೋದರೆ ಊರಿನವರಿಗೆ ಕಾಣುವುದು ಎರಡೇ ದಿನ. ಬಾಗಿಲು ಹಾಕಿದ ದಿನ, ಮತ್ತೆ ಟೇಪು ಕತ್ತರಿಸಿದ ದಿನ. ನಡುವಿನದ್ದೆಲ್ಲ ತಗಡಿನ ಬೇಲಿಯ ಹಿಂದೆ ನಡೆದುಹೋಗುತ್ತದೆ. ಯಾವ ಗೋಡೆ ಒಡೆದರು, ಯಾವುದನ್ನು ಉಳಿಸಿದರು, ಹಳೆ ಮಾಡಿನ ಕೆಳಗೆ ಏನಿತ್ತು, ಟನ್ನುಗಟ್ಟಲೆ ತೂಗುವ ವೀರಗಲ್ಲನ್ನು ಹೇಗೆ ಸರಿಸಿದರು? ಇದನ್ನೆಲ್ಲ ನೋಡಿದವರು ಕೆಲಸಗಾರರು ಮತ್ತು ವಾಚ್‌ಮನ್ ಮಾತ್ರ. ಅವರು ಮುಂದಿನ ಕೆಲಸಕ್ಕೆ ಹೋದ ಮೇಲೆ ಕೇಳೋಣ ಅಂದರೂ ಯಾರೂ ಇರುವುದಿಲ್ಲ.

ನಮ್ಮ ಎರಡು ಜಿಲ್ಲೆಗಳಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಹಾಸನದ ಮಹಾರಾಜ ಪಾರ್ಕಿನಲ್ಲಿ ಸರ್ಕಾರಿ ವಸ್ತು ಸಂಗ್ರಹಾಲಯ ಇದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂ ಇದೆ. ಚಿಕ್ಕಮಗಳೂರಿನಲ್ಲಿ ಕಾಫಿ ಬೋರ್ಡಿನ ಕಾಫಿ ಮ್ಯೂಸಿಯಂ ಇದೆ. ಇವಲ್ಲದೆ ಕಾಲೇಜು, ಮಠಗಳಲ್ಲಿ ಕೂಡಿಟ್ಟ ಸಣ್ಣ ಸಂಗ್ರಹಗಳೂ ಇರುತ್ತವೆ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಈ ಕಡೆಯ ಕಲ್ಲುಗಳ ಮೇಲೆ ಎಲ್ಲರ ಕಣ್ಣೂ ಇದೆ. ಇವುಗಳಲ್ಲಿ ಯಾವುದಕ್ಕೆ ನಾಳೆ ಕೆಲಸ ಶುರುವಾದರೂ ಒಬ್ಬರಾದರೂ ಕ್ಯಾಮೆರಾ ಹಿಡಿದು ತಯಾರಿರಬೇಕು ಅನ್ನುವುದು ನನ್ನ ಆಸೆ. ಆ ಒಬ್ಬರಿಗಾಗಿ ಇದನ್ನು ಬರೆದಿದ್ದೇನೆ. ಟೈಮ್ ಲ್ಯಾಪ್ಸ್ ಅಂದರೆ ಒಂದೇ ಜಾಗದಿಂದ ಆಗಾಗ ತೆಗೆದ ಫೋಟೊಗಳನ್ನು ಜೋಡಿಸಿ, ತಿಂಗಳುಗಳ ಕೆಲಸವನ್ನು ನಿಮಿಷಗಳಲ್ಲಿ ತೋರಿಸುವ ವಿಡಿಯೊ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಂತಿವೆ. ಎರಡು ನಿಮಿಷದ ವಿಡಿಯೊ ಈ ಕೆಲಸದಲ್ಲಿ ಎರಡನೆಯದು. ಮೊದಲನೆಯದು, ದಿನಾಂಕ ಮತ್ತು ಗಂಟೆಯ ಸಮೇತ ಉಳಿಯುವ ಸಾವಿರಾರು ಮೂಲ ಫೋಟೊಗಳು. ವಿಡಿಯೊ ಜನರಿಗೆ. ಫೋಟೊಗಳು ಕಟ್ಟಡಕ್ಕೆ. 20 ವರ್ಷ ಕಳೆದು ಗೋಡೆಯಲ್ಲಿ ನೀರು ಜಿನುಗಿದಾಗ, ಪೈಪು ಯಾವ ಕಡೆಯಿಂದ ಹೋಗಿದೆ ಅಂತ ಹುಡುಕುವ ಎಂಜಿನಿಯರಿಗೆ ಬೇಕಾಗುವುದು ಪ್ಲಾಸ್ಟರ್ ಹಾಕುವ ಹಿಂದಿನ ದಿನದ ಫೋಟೊ.

ಒಪ್ಪಿಗೆ ಕಾಗದದಲ್ಲಿರಲಿ

ಮ್ಯೂಸಿಯಂ ಯಾರದ್ದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸರ್ಕಾರಿ ಮ್ಯೂಸಿಯಂ ಆದರೆ ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಬೇಕು, ಅದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಹಳೇಬೀಡಿನಂಥ ಕಡೆ ಕೇಂದ್ರದ ಪುರಾತತ್ವ ಇಲಾಖೆಯನ್ನು ಕೇಳಬೇಕು. ಅಲ್ಲಿಯ ಕ್ಯುರೇಟರ್, ಅಂದರೆ ಮ್ಯೂಸಿಯಂ ನೋಡಿಕೊಳ್ಳುವ ಅಧಿಕಾರಿ, ಎಷ್ಟೇ ಒಳ್ಳೆಯವರಾಗಿರಲಿ, ಅವರ ಬಾಯಿಮಾತಿನ ಒಪ್ಪಿಗೆಯ ಮೇಲೆ ವರ್ಷಗಟ್ಟಲೆಯ ಕೆಲಸ ಶುರು ಮಾಡಬೇಡಿ. ಅವರಿಗೆ ವರ್ಗವಾದರೆ ನಿಮ್ಮ ಕ್ಯಾಮೆರಾವೂ ಇಳಿಯುತ್ತದೆ.

ಸಂರಕ್ಷಿತ ಸ್ಮಾರಕದ ಪಕ್ಕ ಆದರೆ ಇನ್ನೊಂದು ಎಚ್ಚರ. 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಕಾಂಕ್ರೀಟ್ ಹಾಕಿ ಕಂಬ ನೆಡುವ ಯೋಚನೆ ಇದ್ದರೆ ಗುಂಡಿ ತೋಡುವ ಮೊದಲೇ ಕೇಳಿ. ಡ್ರೋನ್ ಹಾರಿಸುವವರು 2021ರ ಡ್ರೋನ್ ನಿಯಮಗಳನ್ನು ಓದಿ, ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ವಲಯದಲ್ಲಿದೆ ನೋಡಿ. ನಕ್ಷೆಯಲ್ಲಿ ಹಸಿರು ಬಣ್ಣ ಇದ್ದ ಮಾತ್ರಕ್ಕೆ ಸ್ಮಾರಕದ ಮೇಲೆ ಹಾರಿಸಬಹುದು ಅಂತಲ್ಲ, ಇಲಾಖೆಯ ಒಪ್ಪಿಗೆ ಬೇರೆಯೇ ಬೇಕು.

ಫೋಟೊಗಳ ಹಕ್ಕು ಯಾರಿಗೆ ಅನ್ನುವುದನ್ನೂ ಈಗಲೇ ಬರೆಸಿಕೊಳ್ಳಿ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ, ದುಡ್ಡು ಕೊಟ್ಟು ಫೋಟೊ ಅಥವಾ ಸಿನಿಮಾ ಮಾಡಿಸಿದರೆ ಬೇರೆ ಒಪ್ಪಂದ ಇಲ್ಲದಿದ್ದಾಗ ಮಾಡಿಸಿದವರೇ ಅದರ ಮೊದಲ ಒಡೆಯರು. ಇದು ಎಷ್ಟೋ ಫೋಟೊಗ್ರಾಫರ್‌ಗಳಿಗೆ ಗೊತ್ತಿಲ್ಲ. ನಿಮ್ಮ ಹೆಸರು ಹಾಕಬೇಕು, ನಿಮ್ಮ ಕೆಲಸದ ಮಾದರಿಯಾಗಿ ತೋರಿಸಲು ಅವಕಾಶ ಇರಬೇಕು ಅಂತಿದ್ದರೆ ಎರಡು ಸಾಲು ಒಪ್ಪಂದದಲ್ಲಿ ಸೇರಿಸಿ. ಜೊತೆಗೆ ಗುತ್ತಿಗೆದಾರರನ್ನು ಮರೆಯಬೇಡಿ. ಕ್ಯಾಮೆರಾ ಅಂದರೆ ತಪ್ಪು ಹುಡುಕುವ ಕಣ್ಣು ಅಂತ ಅವರಿಗೆ ಅನಿಸುವುದು ಸಹಜ. ಒಂದು ದಿನ ಕೂತು, ಹಳೆ ಟೈಮ್ ಲ್ಯಾಪ್ಸ್ ಒಂದನ್ನು ತೋರಿಸಿ, ಅವರ ಮೇಸ್ತ್ರಿಗಳ ಕೈಕೆಲಸವೂ ಇದರಲ್ಲಿ ಉಳಿಯುತ್ತದೆ ಅಂತ ಹೇಳಿ. ಅಟ್ಟಣಿಗೆ ಯಾವಾಗ ಏರುತ್ತದೆ, ಕ್ರೇನ್ ಯಾವ ದಿನ ಬರುತ್ತದೆ ಅನ್ನುವ ಸುದ್ದಿ ಮುಂದೆ ನಿಮಗೆ ಬರುವುದು ಅವರಿಂದಲೇ.

ಬಾಗಿಲು ಹಾಕುವ ಮೊದಲೇ ಶುರು ಮಾಡಿ

ಜಾಸ್ತಿ ಜನ ಕೆಲಸ ಶುರುವಾದ ದಿನ ಕ್ಯಾಮೆರಾ ಕಟ್ಟುತ್ತಾರೆ. ಆಗ 'ಮೊದಲು ಹೇಗಿತ್ತು' ಅನ್ನುವುದೇ ಕೈತಪ್ಪುತ್ತದೆ. ಸಾಧ್ಯವಾದರೆ ಒಂದು ತಿಂಗಳು ಮುಂಚೆ ಕಟ್ಟಿ. ಹಳೆ ಗ್ಯಾಲರಿಯಲ್ಲಿ ಜನ ಓಡಾಡುವುದು, ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ಬಂದು ಗಾಜಿಗೆ ಮೂಗು ಒತ್ತಿ ನೋಡುವುದು, ಸಂಜೆ ಒಂದೊಂದೇ ಲೈಟು ಆರುವುದು ಎಲ್ಲ ದಾಖಲಾಗಲಿ. ಹೊಸ ಮ್ಯೂಸಿಯಂ ಎಷ್ಟೇ ಚೆನ್ನಾಗಿದ್ದರೂ ಆ ಹಳೆಯದು ಮತ್ತೆ ಸಿಗುವುದಿಲ್ಲ.

ಖಾಲಿ ಗ್ಯಾಲರಿಯ ಚಿತ್ರಗಳನ್ನು ರಜೆಯ ದಿನ ತೆಗೆಯಿರಿ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಪ್ರತಿ ಕೋಣೆಯಲ್ಲೂ ಎದುರು ಬದುರಿನ ಎರಡು ಮೂಲೆಗಳನ್ನು ಆರಿಸಿಕೊಳ್ಳಿ. ಟ್ರೈಪಾಡ್ ಎಲ್ಲಿ ನಿಂತಿತ್ತು, ಗೋಡೆಯಿಂದ ಎಷ್ಟು ದೂರ, ಲೆನ್ಸ್ ಎಷ್ಟು ಎತ್ತರದಲ್ಲಿತ್ತು, ಅದು ಎಷ್ಟು ಮಿಲಿಮೀಟರಿನ ಲೆನ್ಸ್ ಅಂತ ಅಳೆದು ಬರೆದಿಡಿ. ನೆಲಕ್ಕೆ ಗುರುತು ಹಾಕಿದರೆ ಸಾಲದು, ಹೇಗೂ ನೆಲ ಕೀಳುತ್ತಾರೆ. ಕಿಟಕಿ, ಕಂಬದಂಥ ಉಳಿಯುವ ಭಾಗದಿಂದ ಅಳತೆ ತಗೊಳ್ಳಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಅದೇ ಚಿತ್ರ ತೆಗೆದರೆ, ಸ್ಥಿರ ಕ್ಯಾಮೆರಾಕ್ಕೆ ಕಾಣದ ಕೋಣೆಗಳ ಕಥೆಯೂ ನಿಮ್ಮ ಕೈಗೆ ಬರುತ್ತದೆ.

ಕ್ಯಾಮೆರಾ ಕಟ್ಟುವ ಜಾಗ

ಇಲ್ಲಿ ಆತುರ ಬೇಡ. ಕ್ಯಾಮೆರಾ ಯಾವುದೇ ಇರಲಿ, ಜಾಗ ತಪ್ಪಿದರೆ ಎಲ್ಲವೂ ತಪ್ಪಿದಂತೆ.

ಮೊದಲು ಬಿಸಿಲಿನ ಲೆಕ್ಕ. ಹಾಸನ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಚಿಕ್ಕಮಗಳೂರು ಅದಕ್ಕಿಂತ ಸ್ವಲ್ಪ ಮೇಲೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಚೂರು ಉತ್ತರಕ್ಕೆ ಇರುತ್ತಾನೆ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಉತ್ತರದಲ್ಲಿದ್ದಾಗ ತುಂಬ ಎತ್ತರದಲ್ಲಿರುವುದರಿಂದ ಚೌಕಟ್ಟಿನೊಳಗೆ ಬರುವುದಿಲ್ಲ. ದಕ್ಷಿಣದಲ್ಲಿದ್ದಾಗ, ಅದರಲ್ಲೂ ಡಿಸೆಂಬರ್ ಜನವರಿಯಲ್ಲಿ, ಕೆಳಗಿಳಿದು ಲೆನ್ಸಿಗೆ ಹೊಡೆಯುತ್ತಾನೆ. ಆದ್ದರಿಂದ ಕಟ್ಟಡದ ದಕ್ಷಿಣಕ್ಕೆ ಕ್ಯಾಮೆರಾ ಇಟ್ಟು ಉತ್ತರದ ಕಡೆ ಮುಖ ಮಾಡಿಸುವುದು ನಮ್ಮ ಕಡೆಗೆ ಒಳ್ಳೆಯದು. ವರ್ಷದ ಬಹುಪಾಲು ಬಿಸಿಲು ಬೆನ್ನ ಹಿಂದಿನಿಂದ ಬೀಳುತ್ತದೆ. ಪೂರ್ವಕ್ಕೆ ಮುಖ ಮಾಡಿದರೆ ಬೆಳಗಿನ ಚಿತ್ರಗಳು, ಪಶ್ಚಿಮಕ್ಕೆ ಮಾಡಿದರೆ ಸಂಜೆಯ ಚಿತ್ರಗಳು ಬಿಳಿಚಿಕೊಳ್ಳುತ್ತವೆ.

ಎರಡನೆಯದು ಎತ್ತರ. ಎದುರಿನ ಕಟ್ಟಡದ ತಾರಸಿ ಸಿಕ್ಕರೆ ಅದೇ ಚೆನ್ನ. ಬರಿಯ ಕಬ್ಬಿಣದ ಕಂಬ ಗಾಳಿಗೆ ಅಲ್ಲಾಡುತ್ತದೆ, ಬಿಸಿಲಿಗೆ ಚೂರು ಬಾಗುತ್ತದೆ, ವಿಡಿಯೊದಲ್ಲಿ ಅದು ನಡುಕವಾಗಿ ಕಾಣುತ್ತದೆ. ಕಂಬವೇ ಗತಿ ಅಂದರೆ ದಪ್ಪದ ಪೈಪು ಆರಿಸಿ, ಮೂರು ಕಡೆ ತಂತಿ ಎಳೆದು ಕಟ್ಟಿ. ಗುತ್ತಿಗೆದಾರರ ಅಟ್ಟಣಿಗೆಗೆ ಮಾತ್ರ ಕಟ್ಟಬೇಡಿ, ಅದು ಬಿಚ್ಚುವ ವಸ್ತು. ಪಾರಂಪರಿಕ ಗೋಡೆಗೆ ಡ್ರಿಲ್ ಮಾಡುವ ಮಾತೇ ಬೇಡ. ಎಲ್ಲೇ ಕಟ್ಟಿದರೂ ಬ್ರಾಕೆಟ್ ಅಲ್ಲದೆ ಇನ್ನೊಂದು ಉಕ್ಕಿನ ತಂತಿಯಿಂದ ಪೆಟ್ಟಿಗೆಯನ್ನು ಬಿಗಿದಿರಬೇಕು, ಕೆಳಗೆ ಜನ ಓಡಾಡುತ್ತಾರೆ.

ಮೂರನೆಯದು ಮರ. ಫೆಬ್ರವರಿಯಲ್ಲಿ ಎಲೆ ಉದುರಿಸಿ ನಿಂತ ಮರದ ಸಂದಿಯಿಂದ ಕಟ್ಟಡ ಚೆನ್ನಾಗಿ ಕಾಣುತ್ತದೆ. ಜೂನ್ ಹೊತ್ತಿಗೆ ಅದೇ ಮರ ಹಸಿರು ಗೋಡೆಯಾಗುತ್ತದೆ. ಮಲೆನಾಡಿನ ಅಂಚಿನಲ್ಲಿ ಒಂದು ಮಳೆಗಾಲಕ್ಕೆ ರೆಂಬೆ ಎಷ್ಟು ಬೆಳೆಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಅಲ್ವಾ? ರೆಂಬೆ ಕಡಿಸುವುದಕ್ಕಿಂತ ಕ್ಯಾಮೆರಾದ ಜಾಗ ಬದಲಿಸುವುದು ಸುಲಭ, ಒಳ್ಳೆಯದು ಕೂಡ.

ಇನ್ನೂ ಒಂದು ವಿಷಯ ಮುಂಚೆ ಯಾರಿಗೂ ಹೊಳೆಯುವುದಿಲ್ಲ. ಅಟ್ಟಣಿಗೆ ಏರಿದ ಮೇಲೆ ಹಸಿರು ಬಲೆ ಹೊದಿಸುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಹೊರಗಿನ ಕ್ಯಾಮೆರಾಕ್ಕೆ ಕಾಣುವುದು ಅಲುಗುವ ಬಟ್ಟೆ ಮಾತ್ರ. ಶ್ರವಣಬೆಳಗೊಳದಲ್ಲಿ 12 ವರ್ಷಕ್ಕೊಮ್ಮೆ ಗೊಮ್ಮಟನ ಸುತ್ತ ಏರುವ ಅಟ್ಟಣಿಗೆ ನೋಡಿದವರಿಗೆ ಅದು ಏರುವುದೇ ಎಂಥ ನೋಟ ಅಂತ ಗೊತ್ತು. ಅದನ್ನು ಖಂಡಿತ ಹಿಡಿಯಿರಿ. ಆದರೆ ಬಲೆ ಬಂದ ಮೇಲಿನ ಕಾಲಕ್ಕೆ ಎರಡನೇ ಕ್ಯಾಮೆರಾ ಕಟ್ಟಡದ ಒಳಗೆ ಇರಲೇಬೇಕು. ಬಜೆಟ್ ಒಂದಕ್ಕೇ ಇದ್ದರೆ ನಾನು ಒಳಗಿನದ್ದನ್ನೇ ಆರಿಸುತ್ತೇನೆ. ಹೊರಗಿನ ಬದಲಾವಣೆ ದಾರಿಹೋಕರ ಫೋನಿನಲ್ಲೂ ಉಳಿಯುತ್ತದೆ, ಒಳಗಿನದ್ದು ಉಳಿಯುವುದಿಲ್ಲ.

ಯಾವ ಕ್ಯಾಮೆರಾ?

ಕೈಯಲ್ಲಿರುವ ಹಳೆ ಡಿಎಸ್ಎಲ್ಆರ್ ಸಾಕು. 24 ಮೆಗಾಪಿಕ್ಸೆಲ್ ಇದ್ದರೆ 6000 ಪಿಕ್ಸೆಲ್ ಅಗಲದ ಚಿತ್ರ ಸಿಗುತ್ತದೆ. 4ಕೆ ವಿಡಿಯೊಗೆ ಬೇಕಿರುವುದು 3840 ಮಾತ್ರ. ಉಳಿದದ್ದು ಎಡಿಟ್ ಮಾಡುವಾಗ ಸ್ವಲ್ಪ ಕತ್ತರಿಸಿ ಹತ್ತಿರ ಹೋಗಲು, ಓರೆಯಾದದ್ದನ್ನು ನೇರ ಮಾಡಲು ಬರುತ್ತದೆ. ಕಡಿಮೆ ಬೆಲೆಯ ಡಿಎಸ್ಎಲ್ಆರ್‌ಗಳ ಶಟರ್ ಸಾಮಾನ್ಯವಾಗಿ ಸುಮಾರು 1 ಲಕ್ಷ ಕ್ಲಿಕ್ಕಿಗೆ ಅಂತ ಮಾಡಿರುತ್ತಾರೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಆ ಸವೆತ ಇಲ್ಲ, ಆದರೆ ಎಲ್ಇಡಿ ಬೆಳಕಿನಲ್ಲಿ ಪಟ್ಟೆ ಬರಬಹುದು.

ದುಡ್ಡು ಕಡಿಮೆ ಇದ್ದು ಸ್ವಲ್ಪ ಕಂಪ್ಯೂಟರ್ ಗೊತ್ತಿದ್ದರೆ ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್ ಮತ್ತು ಅದರ 12 ಮೆಗಾಪಿಕ್ಸೆಲ್ ಹೈ ಕ್ವಾಲಿಟಿ ಕ್ಯಾಮೆರಾ ಒಳ್ಳೆ ಜೋಡಿ. ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಇಷ್ಟು ನಿಮಿಷಕ್ಕೊಮ್ಮೆ ಅಂತ ಒಮ್ಮೆ ಹೇಳಿಟ್ಟರೆ ತಾನೇ ತೆಗೆಯುತ್ತಾ ಹೋಗುತ್ತದೆ, ನೆಟ್ ಇದ್ದರೆ ಮನೆಗೇ ಕಳಿಸುತ್ತದೆ. ಒಂದು ವಿಷಯ ನೆನಪಿರಲಿ: ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗಡಿಯಾರ ಇಲ್ಲ. ಕರೆಂಟು ಹೋಗಿ ಬಂದು, ನೆಟ್ ಕೂಡ ಇಲ್ಲದಿದ್ದರೆ ದಿನಾಂಕ ತಪ್ಪುತ್ತದೆ. ಆರ್‌ಟಿಸಿ ಅನ್ನುವ ಗಡಿಯಾರದ ಸಣ್ಣ ಬೋರ್ಡು ಹಾಕಿಸಿ. ದಿನಾಂಕವೇ ತಪ್ಪಿದ ದಾಖಲೆಗೆ ಬೆಲೆ ಇಲ್ಲ.

ಸಿಸಿಟಿವಿ ಇದೆಯಲ್ಲ, ಅದರಿಂದಲೇ ತೆಗೆದರಾಯಿತು ಅನ್ನುವವರು ಇದ್ದಾರೆ. ಸಿಸಿಟಿವಿ ಕಳ್ಳರಿಗಾಗಿ ಇರುವುದು. ಚಿತ್ರವನ್ನು ವಿಪರೀತ ಹಿಂಡಿ ಸಣ್ಣದು ಮಾಡುತ್ತದೆ, ಗಾರೆಯ ಬಿರುಕು ಅದರಲ್ಲಿ ಕಾಣುವುದಿಲ್ಲ. ಬೇರೆ ಏನೂ ಸಿಗದಿದ್ದರೆ ಮಾತ್ರ ಅದು.

ಎಷ್ಟು ನಿಮಿಷಕ್ಕೊಂದು ಫೋಟೊ?

ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ 15 ನಿಮಿಷಕ್ಕೊಂದು ತೆಗೆದರೆ ದಿನಕ್ಕೆ 40. ಕೆಲಸದ ದಿನ 300 ಅಂತಿಟ್ಟುಕೊಂಡರೆ ವರ್ಷಕ್ಕೆ 12,000. ಸೆಕೆಂಡಿಗೆ 25 ಚಿತ್ರದಂತೆ ಓಡಿಸಿದರೆ 480 ಸೆಕೆಂಡ್, ಅಂದರೆ 8 ನಿಮಿಷ. ಎರಡು ನಿಮಿಷದ ವಿಡಿಯೊಗೆ ನಾಲ್ಕರಲ್ಲಿ ಒಂದು ಚಿತ್ರ ಆರಿಸಿದರೂ ಸಾಕಾಗುತ್ತದೆ. ಜೆಪೆಗ್ ಒಂದಕ್ಕೆ 8 ಎಂಬಿ ಹಿಡಿದರೆ ವರ್ಷಕ್ಕೆ 96 ಜಿಬಿ. ರಾ ಫೈಲ್ (ಕ್ಯಾಮೆರಾ ಹಿಂಡಿ ಸಣ್ಣದು ಮಾಡದ ಮೂಲ ಚಿತ್ರ) ಆದರೆ ತಲಾ 25 ಎಂಬಿಯಂತೆ 300 ಜಿಬಿ. ಇವತ್ತಿನ ಹಾರ್ಡ್ ಡಿಸ್ಕ್ ಬೆಲೆಯಲ್ಲಿ ಇದು ಹೆದರುವಷ್ಟಲ್ಲ.

ಕೆಲಸ ತಡವಾಗುತ್ತದೆ ಅಂತಲೇ ಲೆಕ್ಕ ಹಾಕಿ. ಮುಂಬೈಯ ಭಾವು ದಾಜಿ ಲಾಡ್ ಮ್ಯೂಸಿಯಂ 2003ರಿಂದ 2008ರವರೆಗೆ ಐದು ವರ್ಷ ದುರಸ್ತಿಯಲ್ಲಿತ್ತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ 2003ರಲ್ಲಿ ಮುಚ್ಚಿದ ಮುಖ್ಯ ಕಟ್ಟಡವನ್ನು ಮತ್ತೆ ತೆರೆದದ್ದು 2013ರಲ್ಲಿ. 10 ತಿಂಗಳ ಗುತ್ತಿಗೆ ಅಂದರೂ ಎರಡು ಮಳೆಗಾಲಕ್ಕೆ ತಯಾರಾಗಿರಿ, ಬ್ಯಾಟರಿ, ಡಿಸ್ಕು, ಹೋಗಿ ಬರುವ ಖರ್ಚು ಎಲ್ಲಕ್ಕೂ.

15 ನಿಮಿಷ ಅನ್ನುವುದು ದಿನನಿತ್ಯದ ಉಸಿರು. ವಿಶೇಷ ದಿನಗಳಿಗೆ ಬೇರೆ ಕ್ಯಾಮೆರಾ, ಬೇರೆ ಲೆಕ್ಕ. ಛಾವಣಿಯ ಕಾಂಕ್ರೀಟಿಗೆ 10 ಸೆಕೆಂಡಿಗೊಂದು, ಶೋಕೇಸ್ ಜೋಡಿಸುವುದಕ್ಕೆ 15 ಸೆಕೆಂಡಿಗೊಂದು, ಕ್ರೇನಿಗೆ 2ರಿಂದ 3 ಸೆಕೆಂಡಿಗೊಂದು.

ಸೆಟ್ಟಿಂಗ್: ಏನೂ ತಾನಾಗಿ ಬದಲಾಗಬಾರದು

ಫೋಕಸ್ ಮ್ಯಾನುಯಲ್‌ಗೆ ಹಾಕಿ, ರಿಂಗಿನ ಮೇಲೆ ಟೇಪು ಅಂಟಿಸಿ. ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಸೆಟ್ಟಿಂಗ್) ಒಂದೇ ಕಡೆ ನಿಲ್ಲಿಸಿ, ಹೊರಗೆ ಡೇಲೈಟ್ ಸಾಕು. ಇಮೇಜ್ ಸ್ಟೆಬಿಲೈಸರ್ ಬಂದ್ ಮಾಡಿ, ಗಟ್ಟಿ ಕಟ್ಟಿದ ಕ್ಯಾಮೆರಾದಲ್ಲಿ ಅದು ಚಿತ್ರವನ್ನು ತಾನೇ ಅಲ್ಲಾಡಿಸುತ್ತದೆ. ಫ್ಲಾಶ್ ಯಾವತ್ತೂ ಬೇಡ. ಹೊರಗೆ ಮೋಡ ಬಿಸಿಲು ಆಡುತ್ತಲೇ ಇರುವುದರಿಂದ ಅಪರ್ಚರ್ ಪ್ರಯಾರಿಟಿ (ಲೆನ್ಸಿನ ಕಿಂಡಿ ನಾವಿಟ್ಟಷ್ಟೇ ಇದ್ದು, ಶಟರ್ ವೇಗ ಮಾತ್ರ ಬೆಳಕಿಗೆ ಹೊಂದಿಕೊಳ್ಳುವ ವಿಧಾನ) ಇಟ್ಟು ಎಫ್ 8ರಲ್ಲಿ ಬಿಡಿ. ಒಳಗೆ ಪೂರ್ತಿ ಮ್ಯಾನುಯಲ್. ನಮ್ಮ ಕರೆಂಟು 50 ಹರ್ಟ್ಸ್, ಅದರಿಂದ ಓಡುವ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100ರಲ್ಲಿದ್ದರೆ ಆ ಮಿನುಗು ಚಿತ್ರದಲ್ಲಿ ಪಟ್ಟೆಯಾಗಿ ಬೀಳುವುದು ಬಹುಮಟ್ಟಿಗೆ ತಪ್ಪುತ್ತದೆ.

ಮಳೆ, ಕರೆಂಟು, ಜೇಡ

ಬೇರೆ ಕಡೆಯ ಮಾರ್ಗದರ್ಶಿಗಳು ನಮಗೆ ಒಗ್ಗದಿರುವುದು ಇಲ್ಲೇ. ಹಾಸನ ಪೇಟೆಯಲ್ಲಿ ಜಡಿಮಳೆ, ಸಕಲೇಶಪುರ ಮೂಡಿಗೆರೆ ಕಡೆ ಕೇಳುವುದೇ ಬೇಡ. ಆರಿದ್ರಾ ಮಳೆ ಹಿಡಿದರೆ ಪುಷ್ಯದವರೆಗೆ ಬಿಡುವೇ ಇರದ ವರ್ಷಗಳಿವೆ. ದೂಳು, ನೀರು ಒಳಗೆ ಹೋಗದ ಐಪಿ 66 ಗುರುತಿನ ಪೆಟ್ಟಿಗೆ ತಗೊಳ್ಳಿ. ಕೇಬಲ್ ಒಳಗೆ ಹೋಗುವ ತೂತು ಪೆಟ್ಟಿಗೆಯ ತಳದಲ್ಲಿರಲಿ, ಕೇಬಲ್ಲನ್ನು ಒಂದು ಸುತ್ತು ಕೆಳಗಿಳಿಸಿ ಮೇಲೆ ತನ್ನಿ, ನೀರು ಆ ತಿರುವಿನಲ್ಲೇ ತೊಟ್ಟಿಕ್ಕುತ್ತದೆ. ಮುಂದಿನ ಗಾಜು ಚೂರು ಕೆಳಮುಖವಾಗಿ ಓರೆ ಇರಲಿ, ಮೇಲೊಂದು ಅರ್ಧ ಅಡಿಯ ತಗಡಿನ ಮಾಡು ಇರಲಿ. ಪೆಟ್ಟಿಗೆಗೆ ಬಿಳಿ ಬಣ್ಣ ಹೊಡೆಯಿರಿ, ಮಾರ್ಚಿನ ಬಿಸಿಲಿಗೆ ಕಪ್ಪು ಪೆಟ್ಟಿಗೆ ಒಲೆಯಾಗುತ್ತದೆ.

ಒಳಗೆ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾಗುವ ಜಾತಿಯದ್ದು. ಬಣ್ಣ ತಿರುಗಿದರೆ ತೆಗೆದು ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಮಳೆಗಾಲದಲ್ಲಿ ಎರಡು ಪೊಟ್ಟಣ ಇಟ್ಟುಕೊಂಡು ಅದಲು ಬದಲು ಮಾಡುತ್ತಿರಿ. ಲೆನ್ಸಿನೊಳಗೆ ಒಮ್ಮೆ ಫಂಗಸ್ ಹಿಡಿದರೆ ಅದನ್ನು ಬಿಡಿಸುವುದು ಕಷ್ಟ.

ಜೇಡ ಮಳೆಗಿಂತ ಹಟಮಾರಿ. ಗಾಜಿನ ಮುಂದೆ ಬಲೆ ಕಟ್ಟುತ್ತದೆ, ಬೆಳಗಿನ ಇಬ್ಬನಿ ಅದರ ಮೇಲೆ ಕೂತು ಇಡೀ ಚಿತ್ರ ಮಸುಕಾಗುತ್ತದೆ. ಇರುವೆಗಳು ಬೆಚ್ಚಗಿನ ಜಾಗ ಹುಡುಕಿ ಪೆಟ್ಟಿಗೆಯೊಳಗೆ ಬರುತ್ತವೆ, ಕಣಜಗಳು ಬ್ರಾಕೆಟ್ಟಿನ ಸಂದಿಯಲ್ಲಿ ಗೂಡು ಮಾಡುತ್ತವೆ. ಕಣಜದ ಗೂಡು ಕಂಡರೆ ಏಣಿಯ ಮೇಲೆ ನಿಂತು ಕೈ ಹಾಕಬೇಡಿ. ಮಂಗಗಳಿರುವ ಕಡೆ ನೇತಾಡುವ ವೈರು ಒಂದೂ ಇರಬಾರದು, ಎಲ್ಲ ಪೈಪಿನೊಳಗೆ.

ಕರೆಂಟಿನ ಮಾತು. ದುರಸ್ತಿಯಲ್ಲಿರುವ ಕಟ್ಟಡದಲ್ಲಿ ಮೊದಲು ಕೀಳುವುದೇ ವೈರಿಂಗ್. ಅಲ್ಲಿಯ ಪ್ಲಗ್ಗನ್ನು ನಂಬಬೇಡಿ. ಪೈ 4 ಮತ್ತು ಕ್ಯಾಮೆರಾಕ್ಕೆ ಸುಮಾರು 4 ವ್ಯಾಟ್ ಹಿಡಿದರೆ ದಿನಕ್ಕೆ 96 ವ್ಯಾಟ್ ಅವರ್. 12 ವೋಲ್ಟಿನ 40 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 480 ಇರುತ್ತದೆ, ಅರ್ಧ ಮಾತ್ರ ಬಳಸಿದರೂ ಎರಡೂವರೆ ದಿನ ದಾಟುತ್ತದೆ. ಸೋಲಾರ್ ಪ್ಯಾನೆಲ್ ಜನವರಿಯಲ್ಲಿ ಚೆನ್ನಾಗಿ ತುಂಬಿಸುತ್ತದೆ, ಜುಲೈಯಲ್ಲಿ ಕೈಕೊಡುತ್ತದೆ. ಹಾಗಾಗಿ ಮಳೆಗಾಲಕ್ಕೆ ಎರಡನೇ ಬ್ಯಾಟರಿ ಇಟ್ಟುಕೊಂಡು ವಾರಕ್ಕೆ ಮೂರು ಸಲ ಬದಲಿಸುವ ವ್ಯವಸ್ಥೆ ಮಾಡಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಸರ್ಜ್ ಪ್ರೊಟೆಕ್ಟರ್, ಅರ್ತಿಂಗ್ ಎರಡೂ ಬೇಕು.

ಕಲ್ಲು ಏಳುವ ದಿನ

ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು. ಇದಕ್ಕಾಗಿ ಒಂದು ದಿನ ಪೂರ್ತಿ ಬಿಡುವು ಮಾಡಿಕೊಳ್ಳಿ.

ಆರಡಿ ಎತ್ತರ, ಮೂರಡಿ ಅಗಲ, ಮುಕ್ಕಾಲು ಅಡಿ ದಪ್ಪದ ವೀರಗಲ್ಲು ಸುಮಾರು ಒಂದು ಟನ್ ತೂಗುತ್ತದೆ. ಅದನ್ನು ಎತ್ತುವ ಜನಕ್ಕೆ ಅವಸರ ಇರುವುದಿಲ್ಲ. ಮೊದಲು ಬುಡದ ಸುತ್ತ ಮಣ್ಣು ಅಥವಾ ಗಾರೆ ಬಿಡಿಸುತ್ತಾರೆ. ಕಲ್ಲಿನ ಅಂಚಿಗೆ ಫೋಮ್ ಅಥವಾ ಗೋಣಿಚೀಲ ಕೊಟ್ಟು ಅಗಲದ ಬೆಲ್ಟು ಸುತ್ತುತ್ತಾರೆ. ಮೇಲೆ ಚೈನ್ ಪುಲ್ಲಿ. ಒಬ್ಬರು ಸರಪಳಿ ಎಳೆಯುತ್ತಾರೆ, ಒಬ್ಬರು ಬೆಲ್ಟಿನ ಮೇಲೆ ಕೈ ಇಟ್ಟು ಬಿಗಿ ನೋಡುತ್ತಾರೆ, ಹಿರಿಯ ಮೇಸ್ತ್ರಿ ದೂರ ನಿಂತು ಕಲ್ಲು ವಾಲುವುದನ್ನು ನೋಡುತ್ತಾರೆ. ಅಂಗುಲ ಏರುತ್ತದೆ, ನಿಲ್ಲಿಸುತ್ತಾರೆ. ಮತ್ತೆ ಅಂಗುಲ.

3 ಸೆಕೆಂಡಿಗೊಂದು ಫೋಟೊದಂತೆ ಎರಡು ಗಂಟೆ ತೆಗೆದರೆ 2,400 ಚಿತ್ರ, ವಿಡಿಯೊದಲ್ಲಿ 96 ಸೆಕೆಂಡ್. ಕ್ಯಾಮೆರಾ ಮೂಲೆಯಲ್ಲಿ ಎತ್ತರದಲ್ಲಿರಲಿ, ಜನ ಅಡ್ಡ ಬಂದರೂ ಕಲ್ಲು ಕಾಣಬೇಕು. ಆದರೆ ಕಲ್ಲು ನೆಲ ಬಿಡುವ ಗಳಿಗೆಯನ್ನು ಟೈಮ್ ಲ್ಯಾಪ್ಸ್‌ಗೆ ಬಿಡಬೇಡಿ. ಇನ್ನೊಂದು ಕ್ಯಾಮೆರಾದಲ್ಲಿ ಸಾಧಾರಣ ವಿಡಿಯೊ, ಶಬ್ದದ ಸಮೇತ. ಸರಪಳಿಯ ಕಟಕಟ, 'ನಿಲ್ಲು ನಿಲ್ಲು' ಅನ್ನುವ ದನಿ, ಆಮೇಲಿನ ಮೌನ ಎಲ್ಲವೂ ದಾಖಲೆಯೇ. ವೇಗವಾಗಿ ಓಡಿಸಿದರೆ ಆ ಜನರ ತಾಳ್ಮೆಯೇ ಮಾಯವಾಗಿಬಿಡುತ್ತದೆ.

ಕಲ್ಲು ಎದ್ದಾಗ, ಅಷ್ಟು ವರ್ಷ ನೆಲದೊಳಗೆ ಅಥವಾ ಗೋಡೆಗೆ ಅಂಟಿಕೊಂಡಿದ್ದ ಭಾಗ ಕಣ್ಣಿಗೆ ಬೀಳುತ್ತದೆ. ಕ್ಯುರೇಟರ್ ಒಪ್ಪಿದರೆ ಅಲ್ಲೇ ಅದರ ಸ್ಥಿರಚಿತ್ರ ತೆಗೆಯಿರಿ. ಟಾರ್ಚನ್ನು ಕಲ್ಲಿಗೆ ಎದುರಾಗಿ ಹಿಡಿಯಬೇಡಿ. ಒಂದು ಪಕ್ಕದಿಂದ, ಕಲ್ಲಿನ ಮೈಗೆ ಸವರುವಂತೆ ಬೆಳಕು ಬಿಡಿ. ಸವೆದ ಅಕ್ಷರಗಳ ಅಂಚಿಗೆ ನೆರಳು ಬಿದ್ದು ಗೆರೆಗಳು ಮೇಲೇಳುತ್ತವೆ. ಶಾಸನ ಓದುವವರು ಬಳಸುವ ಉಪಾಯ ಇದು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಹೆಸರಾದ ಹಲ್ಮಿಡಿ ಶಾಸನ ಸಿಕ್ಕಿದ್ದೂ ಇದೇ ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಈ ನೆಲದಲ್ಲಿ ಕಲ್ಲಿನ ಹಿಂಬದಿ ನೋಡದೆ ಬಿಡುವುದು ಸರಿಯಲ್ಲ.

ತಾಳೆಗರಿ, ಬಟ್ಟೆ, ಕಾಗದದ ವಸ್ತುಗಳಿಗೆ ಈ ಸ್ವಾತಂತ್ರ್ಯ ಇಲ್ಲ. ಅವಕ್ಕೆ ಮ್ಯೂಸಿಯಂಗಳು ಸಾಮಾನ್ಯವಾಗಿ 50 ಲಕ್ಸ್ ಬೆಳಕಿನ ಮಿತಿ ಇಡುತ್ತವೆ. ನಿಮ್ಮ ವಿಡಿಯೊಗೋಸ್ಕರ ಲೈಟು ಹಾಕಿಸಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, ಶಟರ್ ನಿಧಾನ ಮಾಡಿ.

ವಾರದ ದಿನಚರಿ

ವಾರಕ್ಕೊಮ್ಮೆ ಒಂದು ಗೊತ್ತಾದ ದಿನ ಹೋಗಿ. ಗಾಜು ಒರೆಸಿ, ಬಲೆ ತೆಗೆಯಿರಿ, ಕಾರ್ಡ್ ಬದಲಿಸಿ, ಗಡಿಯಾರ ಸರಿ ಇದೆಯಾ ನೋಡಿ. ಮೊದಲ ದಿನದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡು ಇವತ್ತಿನದ್ದರ ಜೊತೆ ಹೋಲಿಸಿ. ಪೇಂಟರ್ ಪೆಟ್ಟಿಗೆಯನ್ನು ಒಂದಿಷ್ಟು ಸರಿಸಿದ್ದರೂ ಆಗಲೇ ಗೊತ್ತಾಗುತ್ತದೆ.

ಫೈಲಿನ ಹೆಸರು 2026-06-14-0915 ಅನ್ನುವ ಹಾಗೆ ವರ್ಷ, ತಿಂಗಳು, ದಿನ, ಗಂಟೆ ಕ್ರಮದಲ್ಲಿರಲಿ, ಮುಂದೆ ಕ್ಯಾಮೆರಾದ ಜಾಗದ ಹೆಸರು. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿ. ಇದಕ್ಕೆ ರಿಯಾಯಿತಿ ಇಲ್ಲ. ಜೊತೆಗೆ ಒಂದು ನೋಟ್ ಪುಸ್ತಕ ಇಡಿ: 'ಉತ್ತರದ ಗೋಡೆಯ ಗಾರೆ ಕೆರೆದರು, ಒಳಗೆ ಸುಣ್ಣದ ಹಳೆ ಪದರ ಕಂಡಿತು' ಅನ್ನುವಂಥ ಒಂದೊಂದೇ ಸಾಲು. ಚಿತ್ರಕ್ಕೆ ಅರ್ಥ ಬರುವುದು ಆ ಸಾಲಿನಿಂದ. ಆಗಾಗ ಹತ್ತು ನಿಮಿಷ ಶಬ್ದವನ್ನಷ್ಟೇ ರೆಕಾರ್ಡ್ ಮಾಡಿ, ಉಳಿಯ ಪೆಟ್ಟು, ಮಿಕ್ಸರ್, ತಗಡಿನ ಮೇಲಿನ ಮಳೆ. ಎಡಿಟ್ ಮಾಡುವಾಗ ಕೊಂಡು ತಂದ ಸಂಗೀತಕ್ಕಿಂತ ಇವು ಸೊಗಸು.

ಎಡಿಟಿಂಗ್

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಚಿತ್ರಗಳಿಗೆ ಓಳಿಯಾಗಿ ನಂಬರ್ ಕೊಟ್ಟ ಪ್ರತಿ ಮಾಡಿಕೊಂಡರೆ ಒಂದೇ ಕ್ಲಿಪ್ಪಾಗಿ ತೆರೆದುಕೊಳ್ಳುತ್ತದೆ. ಮೂಲ ಫೈಲುಗಳ ಹೆಸರು ಮುಟ್ಟಬೇಡಿ. ಬೆಳಕಿನ ಮಿಣುಕು ಜಾಸ್ತಿ ಇದ್ದರೆ ಎಲ್ಆರ್ ಟೈಮ್ ಲ್ಯಾಪ್ಸ್ ಅನ್ನುವ ತಂತ್ರಾಂಶ ಅದನ್ನು ಚೆನ್ನಾಗಿ ಇಳಿಸುತ್ತದೆ.

ಮೊದಲು ಒಂದು ಎಲುಬುಗೂಡು ಮಾಡಿ: ದಿನಕ್ಕೆ ಒಂದೇ ಚಿತ್ರ, ದಿನವೂ 11 ಗಂಟೆಯದ್ದು. 300 ದಿನಕ್ಕೆ 12 ಸೆಕೆಂಡ್. ಕೆಲಸ ಎಲ್ಲಿ ಓಡಿತು, ಎಲ್ಲಿ ನಿಂತಿತು ಅಂತ ಅದರಲ್ಲಿ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಓಡಿದ ದಿನಗಳನ್ನು ಬಿಡಿಸಿ ತೋರಿಸಿ. ಕೆಲಸ ನಿಂತ ತಿಂಗಳುಗಳನ್ನು ಪೂರ್ತಿ ಕತ್ತರಿಸಿ ಹಾಕಬೇಡಿ. ಖಾಲಿ ಅಟ್ಟಣಿಗೆಯ ಮೇಲೆ ಮಳೆ ಬಿದ್ದು ಮೋಡ ಓಡಿದ ಎರಡು ಸೆಕೆಂಡ್ ಇರಲಿ, ಅದೂ ನಿಜವೇ ಅಲ್ವಾ? ಮೂಲೆಯಲ್ಲಿ ತಿಂಗಳು, ವರ್ಷವನ್ನು ಕನ್ನಡದಲ್ಲಿ ಹಾಕಿ.

ತೋರಿಸಬಾರದ್ದು, ಕೊಡಬೇಕಾದದ್ದು

ಅಲಾರಂ ಪ್ಯಾನೆಲ್, ಸೆನ್ಸರ್‌ಗಳ ಜಾಗ, ವಸ್ತುಗಳನ್ನು ತಾತ್ಕಾಲಿಕವಾಗಿ ಇಟ್ಟ ಕೋಣೆ, ಬೀಗ, ಸಾಗಿಸುವ ವಾಹನ ಮತ್ತು ಹೊತ್ತು ಇವು ಯಾವುವೂ ಹೊರಗಿನ ವಿಡಿಯೊದಲ್ಲಿ ಇರಬಾರದು. ವಸ್ತು ಸಾಗಿಸುವ ದೃಶ್ಯವನ್ನು ಅವು ಶೋಕೇಸ್ ಸೇರಿ ಬೀಗ ಬಿದ್ದ ಮೇಲಷ್ಟೇ ಹಾಕಿ. ಹಾಕುವ ಮೊದಲು ಪ್ರತಿಯೊಂದನ್ನೂ ಕ್ಯುರೇಟರ್ ನೋಡಿರಬೇಕು.

ಕೆಲಸಗಾರರಿಗೆ ಕ್ಯಾಮೆರಾ ಇರುವ ವಿಷಯ ತಿಳಿದಿರಬೇಕು. ಕನ್ನಡ, ಹಿಂದಿ ಎರಡರಲ್ಲೂ ಫಲಕ ಹಾಕಿ, ಬಾಯಲ್ಲೂ ಹೇಳಿ. ಅವರು ಊಟ ಮಾಡುವ, ಮಲಗುವ, ಬಟ್ಟೆ ಬದಲಿಸುವ ಜಾಗ ಚೌಕಟ್ಟಿನಲ್ಲಿ ಬಾರದಿರಲಿ. ಹೆಸರು ಹಾಕಲು ಒಪ್ಪುವವರ ಹೆಸರನ್ನು ವಿಡಿಯೊದ ಕೊನೆಯಲ್ಲಿ, ಅಧಿಕಾರಿಗಳ ಹೆಸರು ಬರುವಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಮೇಸ್ತ್ರಿ, ಬಡಗಿ, ಎಲೆಕ್ಟ್ರಿಷಿಯನ್, ಕಲ್ಲು ಎತ್ತಿದವರು ಎಲ್ಲರೂ ಬರಲಿ.

ಮ್ಯೂಸಿಯಂ ತೆರೆದ ಮೇಲೂ ಒಂದು ತಿಂಗಳು ಕ್ಯಾಮೆರಾ ಇಳಿಸಬೇಡಿ. ಹೊಸ ಗ್ಯಾಲರಿಯಲ್ಲಿ ಜನ ಎಲ್ಲಿ ನಿಲ್ಲುತ್ತಾರೆ, ಯಾವ ಶೋಕೇಸನ್ನು ದಾಟಿ ಹೋಗುತ್ತಾರೆ ಅನ್ನುವುದು ಮ್ಯೂಸಿಯಂನವರಿಗೂ ಕಲಿಯಲು ಬರುತ್ತದೆ. ಇಳಿಸಿದ ಮೇಲೆ ತಾರಸಿಯ ಬೋಲ್ಟಿನ ತೂತುಗಳನ್ನು ಮುಚ್ಚಿಸಿ ಕೊಡಿ. ಮೂಲ ಫೋಟೊಗಳ ಒಂದು ಡಿಸ್ಕ್ ಮ್ಯೂಸಿಯಂಗೆ, ಇನ್ನೊಂದು ಇಲಾಖೆಯ ಕಚೇರಿಗೆ. ಡಿಸ್ಕಿನ ಜೊತೆ ನೋಟ್ ಪುಸ್ತಕದ ಪ್ರತಿ, ಪ್ರತಿ ಕ್ಯಾಮೆರಾದ ಜಾಗ ಗುರುತಿಸಿದ ನಕ್ಷೆ, ಎತ್ತರ, ಲೆನ್ಸಿನ ಅಳತೆ, ಯಾವ ಕಡೆಗೆ ಮುಖ ಮಾಡಿತ್ತು ಅನ್ನುವ ವಿವರ ಮುದ್ರಿಸಿ ಇಡಿ. ಐದು ವರ್ಷಕ್ಕೊಮ್ಮೆ ಫೈಲುಗಳನ್ನು ಹೊಸ ಡಿಸ್ಕಿಗೆ ಇಳಿಸಿಕೊಳ್ಳಬೇಕು ಅನ್ನುವ ಸಾಲನ್ನು ಡಿಸ್ಕಿನ ಡಬ್ಬಿಯ ಮೇಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿ.